ಟೈಡಿಗೆ ಅಂಟಿದ ‘ಅಪ್’

ಬೈಕಿಗೆ ಪಿಕಪ್ ಇಲ್ಲ. ಹೀರೋನ ಗೆಟಪ್ ಸೂಪರ್. ಅತ್ತೆಯನ್ನು ಚೆಕಪ್ಪಿಗೆ ಕರೆದುಕೊಂಡು ಹೋಗಬೇಕು. ಅವನದು ಬರೀ ಬಿಲ್ಡಪ್ಪು ಕಣ್ರೀ, ಮೊನ್ನೆ ಒಂದು ರಾತ್ರಿ ಲಾಕಪ್ಪಿನಲ್ಲಿ ಕಳೆದು ಬಂದಿದ್ದಾನೆ. ಗಾಂಧಿನಗರದ ಶೂಟಿಂಗಿನಲ್ಲಿ ನಿರ್ದೇಶಕರು ‘ಪ್ಯಾಕಪ್’ ಅಂದರೆ ನಾಯಕಿಯಿಂದ ಹಿಡಿದು ಲೈಟ್ ಬಾಯ್‌ವರೆಗೆ ಎಲ್ಲರ ಮುಖದಲ್ಲೂ ಕಳೆ ಬರುತ್ತದೆ. ಮೇಕಪ್, ಟಚಪ್, ಬ್ಯಾಕಪ್, ಬ್ರೇಕಪ್, ಟಾಪಪ್: ‘ಅಪ್’ ಅಂಟಿಸಿಕೊಂಡ ಇಂಗ್ಲಿಷ್ ಮಾತುಗಳನ್ನು ನಾವು ಧಾರಾಳವಾಗಿ ಮನೆಯೊಳಗೆ ಬಿಟ್ಟುಕೊಂಡಿದ್ದೇವೆ. ‘ಸೆಟಪ್’ಗಂತೂ ಇಂಗ್ಲೆಂಡಿನವರು ಕನಸಿನಲ್ಲೂ ಎಣಿಸದ ಒಂದು ಪೋಲಿ ಅರ್ಥವನ್ನು ನಾವೇ ದಯಪಾಲಿಸಿದ್ದೇವೆ.

ಇಷ್ಟೆಲ್ಲ ಬಂದರೂ ‘ಟೈಡಿ ಅಪ್’ ಮಾತ್ರ ನಮ್ಮ ಹೊಸ್ತಿಲು ದಾಟಲಿಲ್ಲ. ಇಂಗ್ಲಿಷ್ ಮಾತಾಡುವ ಮನೆಗಳಲ್ಲಿ, ಅದರಲ್ಲೂ ಬ್ರಿಟನ್ನಿನಲ್ಲಿ, ಮಕ್ಕಳ ಕಿವಿಗೆ ದಿನಾ ಬೀಳುವ ಮಾತು ಇದು. ಶಿಶುವಿಹಾರದಲ್ಲಿ ಆಟದ ಹೊತ್ತು ಮುಗಿದ ಕೂಡಲೇ ಟೀಚರು ಹೇಳುವುದು ಇದನ್ನೇ. ನಮ್ಮಲ್ಲಿ ಇದನ್ನು ಗೈಡಿನಲ್ಲಿ ಓದಿದವರುಂಟು, ಬಾಯಲ್ಲಿ ಆಡುವವರು ಕಡಿಮೆ. ‘ಕ್ಲೀನ್ ಮಾಡು’ ಅನ್ನುತ್ತೇವೆ, ‘ನೀಟಾಗಿಡು’ ಅನ್ನುತ್ತೇವೆ, ‘ರೂಮ್ ಅರೇಂಜ್ ಮಾಡು’ ಅಂತಲೂ ಅನ್ನುತ್ತೇವೆ. ಟೈಡಿ ಅಪ್ ಅನ್ನುವುದಿಲ್ಲ.

ಮೊದಲು ‘ಟೈಡಿ’ಯ ಪೂರ್ವಾಶ್ರಮ ನೋಡೋಣ. ಅದು ಹುಟ್ಟಿದ್ದು ‘ಟೈಡ್’ ಎಂಬ ಹಳೆಯ ಪದದಿಂದ. ಟೈಡ್ ಎಂದರೆ ಆಗ ಕಾಲ, ಹೊತ್ತು, ಋತು. ಟೈಮೂ ಟೈಡೂ ಯಾರಿಗೂ ಕಾಯುವುದಿಲ್ಲ ಎಂಬ ಗಾದೆಯನ್ನು ನಮ್ಮ ಶಾಲೆಗಳಲ್ಲಿ ಕಾಪಿ ಬರೆಸುತ್ತಿದ್ದರು. ಅಲ್ಲಿನ ಟೈಡ್ ಎಂದರೆ ಸಮುದ್ರದ ಉಬ್ಬರ ಎಂದು ಮೇಷ್ಟ್ರೂ ಹೇಳಿದರು, ನಾವೂ ನಂಬಿದೆವು. ಅಲ್ಲಿರುವುದು ಅಲೆಯಲ್ಲ, ಹೊತ್ತು. ಕ್ರಿಸ್‌ಮಸ್ ಕಾಲಕ್ಕೆ ‘ಯೂಲ್‌ಟೈಡ್’ ಎನ್ನುವಾಗಲೂ ಅದೇ ಹೊತ್ತು. ಹಾಗಾಗಿ 13ನೇ ಶತಮಾನದ ಇಂಗ್ಲಿಷಿನಲ್ಲಿ ಟೈಡಿ ಎಂದರೆ ಹೊತ್ತಿಗೆ ಸರಿಯಾಗಿ ಬಂದದ್ದು, ಚೆನ್ನಾಗಿ ಕೂಡಿಬಂದದ್ದು, ಪುಷ್ಟಿಯಾದದ್ದು. ನಮ್ಮ ರೈತರ ‘ಹದ’ ಎಂಬ ಮಾತು ಇದಕ್ಕೆ ಎಷ್ಟು ಹತ್ತಿರವಿದೆ ನೋಡಿ: ಹದ ಮಳೆ, ಹದಕ್ಕೆ ಬಂದ ಹೊಲ. ಶೇಕ್ಸ್‌ಪಿಯರ್‌ನ ನಾಲ್ಕನೇ ಹೆನ್ರಿ ನಾಟಕದ ಎರಡನೇ ಭಾಗದಲ್ಲಿ ಡಾಲ್ ಎಂಬ ಹೆಂಗಸು ಢೋಲು ಹೊಟ್ಟೆಯ ಫಾಲ್‌ಸ್ಟಾಫನನ್ನು ‘ಟೈಡಿ’ ಹಂದಿಮರಿ ಎಂದು ಮುದ್ದಿನಿಂದ ಬೈಯುತ್ತಾಳೆ. ಅವನು ಅಚ್ಚುಕಟ್ಟಾಗಿದ್ದಾನೆ ಎಂದಲ್ಲ, ಕೊಬ್ಬಿ ದುಂಡಗಿದ್ದಾನೆ ಎಂದು. ಇಂದಿಗೂ ‘ಟೈಡಿ ಸಮ್’ ಎಂದರೆ ಓರಣವಾಗಿ ಜೋಡಿಸಿದ ನೋಟುಗಳಲ್ಲ, ದಪ್ಪನೆಯ ಗಂಟು. ವೇಲ್ಸಿನ ಜನ ಊಟ ಚೆನ್ನಾಗಿದ್ದರೂ ಟೈಡಿ, ಹುಡುಗ ಚೆನ್ನಾಗಿದ್ದರೂ ಟೈಡಿ ಎನ್ನುತ್ತಾರೆ.

ಹೊತ್ತಿನಿಂದ ಹದಕ್ಕೆ, ಹದದಿಂದ ಒಪ್ಪಕ್ಕೆ. ಒಪ್ಪ ಓರಣ ಎಂಬ ಅರ್ಥ ಊರಿದ್ದು 18ನೇ ಶತಮಾನದಲ್ಲಿ. ಅದೇ ಪದ ಕ್ರಿಯಾಪದವಾಗಿ, ಅಂದರೆ ‘ಒಪ್ಪ ಮಾಡು’ ಎಂಬ ಅರ್ಥದಲ್ಲಿ, ಬಳಕೆಗೆ ಬಂದದ್ದು 19ನೇ ಶತಮಾನದ ಮೊದಲ ಭಾಗದಲ್ಲಿ. ಇಂಗ್ಲಿಷಿನ ಲೆಕ್ಕದಲ್ಲಿ ತೀರಾ ಈಚಿನದು. ಹಾಗೆ ಬಂದ ಕ್ರಿಯಾಪದವನ್ನು ‘ಅಪ್’ ಬಂದು ತಬ್ಬಿಕೊಂಡಿತು.

ಯಾಕೆ ಅಪ್ಪೇ? ಕೋಣೆಯನ್ನು ಒಪ್ಪ ಮಾಡುವಾಗ ಏನು ಮೇಲಕ್ಕೆ ಹೋಗುತ್ತದೆ?

ಸಾಮುವೆಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ನಿಘಂಟು ಹೊರತಂದಾಗ ಮುನ್ನುಡಿಯಲ್ಲಿ ಈ ಜಾತಿಯ ಮಾತುಗಳನ್ನು ಬೇರೆಯಾಗಿ ಗುರುತಿಸಿದ್ದ. ಕ್ರಿಯಾಪದದ ಹಿಂದೆ ಒಂದು ಪುಟ್ಟ ಪದ ಅಂಟಿಸಿ ಅರ್ಥವನ್ನೇ ತಿರುಗಿಸುವ ಈ ಚಾಳಿ ಇಂಗ್ಲಿಷಿನಲ್ಲಿ ಬಹಳ, ಪರದೇಶದವರಿಗೆ ಅತಿ ದೊಡ್ಡ ತೊಡಕು ಇದೇ ಎಂಬುದು ಅವನ ಅಭಿಪ್ರಾಯ. ಮೈಸೂರಿನಲ್ಲಿ ಕೂತು ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗಿಯ ಸಂಕಟವನ್ನು ಅವನು ಆಗಲೇ ಬರೆದಿಟ್ಟಂತಾಯಿತು. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಮಾತ್ರ ಬಹಳ ತಡವಾಗಿ ಬಂತು. 1925ರ ‘ವರ್ಡ್ಸ್ ಅಂಡ್ ಇಡಿಯಮ್ಸ್’ ಪುಸ್ತಕದಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅದನ್ನು ಬಳಸಿದ. ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರ್ಯಾಡ್ಲಿ ಎಂದೂ ಹೇಳಿದ.

ಅಪ್ಪಿಗೆ ಮೊದಲಿದ್ದ ಅರ್ಥ ಮೇಲಕ್ಕೆ ಎಂಬುದೇ. ನೆಲದ ಮೇಲೆ ಬಿದ್ದದ್ದನ್ನು ಎತ್ತಿದಾಗ ಅದು ಮೇಲೇ ಹೋಗುತ್ತದಲ್ಲ, ‘ಪಿಕ್ ಅಪ್’. ಕಸ ಗುಡಿಸಿ ಒಟ್ಟುಮಾಡಿ ಎತ್ತಿದರೆ ‘ಸ್ವೀಪ್ ಅಪ್’. ಕನ್ನಡದಲ್ಲೂ ಹಾಗೇ ಅಲ್ಲವೇ? ಕಸ ಗುಡಿಸಿ ಎತ್ತು ಎನ್ನುತ್ತೇವೆ. ಪಂಕ್ತಿ ಎದ್ದ ಮೇಲೆ ಎಲೆ ಎತ್ತುತ್ತೇವೆ. ಬೆಳಗಾದ ಮೇಲೆ ಹಾಸಿಗೆ ಎತ್ತುತ್ತೇವೆ. ಚೆಲ್ಲಾಪಿಲ್ಲಿಯಾದದ್ದು ನೆಲದಲ್ಲಿರುತ್ತದೆ, ಒಪ್ಪವಾದದ್ದು ಎತ್ತರದಲ್ಲಿ, ಗೂಡಿನಲ್ಲಿ, ಕಪಾಟಿನಲ್ಲಿರುತ್ತದೆ.

ಇದು ಮೊದಲ ಮಜಲು. ಎರಡನೆಯದರಲ್ಲಿ ಅಪ್ ತನ್ನ ‘ಮೇಲಕ್ಕೆ’ಯನ್ನು ಕಳಚಿಟ್ಟು ‘ಪೂರ್ತಿಯಾಗಿ’ ಎಂಬ ಕೆಲಸಕ್ಕೆ ಸೇರಿಕೊಳ್ಳುತ್ತದೆ. ‘ಈಟ್’ ಎಂದರೆ ತಿನ್ನು. ‘ಈಟ್ ಅಪ್’ ಎಂದರೆ ತಟ್ಟೆ ಖಾಲಿ ಮಾಡು. ‘ಟೇರ್’ ಎಂದರೆ ಹರಿ, ‘ಟೇರ್ ಅಪ್’ ಎಂದರೆ ಚೂರುಚೂರು ಮಾಡು. ಇಲ್ಲಿ ಮೇಲೆ ಹೋಗುವಂಥದ್ದು ಏನೂ ಇಲ್ಲ; ಕೆಲಸ ಕೊನೆ ಮುಟ್ಟಿತು ಎಂಬ ಮುದ್ರೆ ಮಾತ್ರ. ಇನ್ನೂ ತಮಾಷೆ ಎಂದರೆ ಕೋಣೆಯನ್ನು ಒಪ್ಪ ಮಾಡಿದರೆ ‘ಟೈಡಿ ಅಪ್’, ಅದನ್ನು ಹಾಳುಗೆಡವಿದರೆ ‘ಮೆಸ್ ಅಪ್’. ಕೊಳೆ ಮಾಡಿದವನಿಗೂ ಅಪ್ಪು, ತೊಳೆದವನಿಗೂ ಅಪ್ಪು. ಅಪ್ಪಿಗೆ ಪಕ್ಷಪಾತವಿಲ್ಲ.

ಇಷ್ಟು ಕೇಳಿದ ಮೇಲೆ ಕನ್ನಡದ ಓದುಗರಿಗೆ ಇದು ಎಲ್ಲೋ ಕೇಳಿದ ರಾಗ ಅನ್ನಿಸಬೇಕು. ಈಟ್ ಅಪ್ ಎಂದರೆ ನಮ್ಮ ‘ತಿಂದುಬಿಡು’. ಡ್ರಿಂಕ್ ಅಪ್ ಎಂದರೆ ‘ಕುಡಿದುಬಿಡು’. ಟೇರ್ ಅಪ್ ಎಂದರೆ ‘ಹರಿದು ಹಾಕು’. ಫಿನಿಷ್ ಆಫ್ ಎಂದರೆ ‘ಮುಗಿಸಿ ಹಾಕು’. ಸೇವ್ ಅಪ್ ಎಂದರೆ ‘ಕೂಡಿಡು’, ಕವರ್ ಅಪ್ ಎಂದರೆ ‘ಮುಚ್ಚಿಡು’, ಪುಟ್ ಅವೇ ಎಂದರೆ ‘ಎತ್ತಿಡು’, ರೈಟ್ ಡೌನ್ ಎಂದರೆ ‘ಬರೆದಿಡು’. ಇಂಗ್ಲಿಷ್ ಹಿಂದೆ ಒಂದು ತುಣುಕು ಅಂಟಿಸುತ್ತದೆ, ನಾವು ಹಿಂದೆ ಇನ್ನೊಂದು ಕ್ರಿಯಾಪದವನ್ನೇ ತಂದು ಕೂರಿಸುತ್ತೇವೆ. ಕೂತ ಮೇಲೆ ಅದು ತನ್ನ ಮೂಲ ಅರ್ಥವನ್ನು ಅರ್ಧ ಮರೆಯುತ್ತದೆ. ‘ತಿಂದುಬಿಡು’ ಎಂದಾಗ ಯಾರೂ ಏನನ್ನೂ ಬಿಡುವುದಿಲ್ಲ. ಬಿಟ್ಟರೆ ಅಮ್ಮ ಬೈಯುತ್ತಾಳೆ.

ಮೈಸೂರಿನ ಕಡೆಯ ಒಬ್ಬ ತಾಯಿ ಸಂಜೆ ಮಗುವಿಗೆ ಹೇಳುವ ಮಾತನ್ನು ಕಿವಿಗೊಟ್ಟು ಕೇಳಿ: “ಆಟದ ಸಾಮಾನೆಲ್ಲ ಎತ್ತಿಟ್ಟುಬಿಡು ಮರೀ, ಅಪ್ಪ ಬಂದ್ರೆ ತುಳಿದು ಮುರಿದು ಹಾಕ್ತಾರೆ.” ‘ಎತ್ತಿಟ್ಟುಬಿಡು’ ಎಂಬಲ್ಲಿ ಮೂರು ಕ್ರಿಯಾಪದ ಒಂದರ ಹೆಗಲ ಮೇಲೆ ಒಂದು ಕೂತಿವೆ. ‘ಎತ್ತು’ ನೆಲದಿಂದ ಬಿಡಿಸಿತು, ‘ಇಡು’ ಅದರ ಜಾಗಕ್ಕೆ ಸೇರಿಸಿತು, ‘ಬಿಡು’ ಈಗಲೇ ಪೂರಾ ಮುಗಿಸು ಎಂದಿತು. ‘ಮುರಿದು ಹಾಕ್ತಾರೆ’ಯ ‘ಹಾಕು’ ಹಿಂದೆ ಬರಲಾರದಂಥ ನಾಶವನ್ನು ಸೂಚಿಸಿತು. ಟೈಡಿ ಅಪ್, ಪುಟ್ ಅವೇ, ಬ್ರೇಕ್ ಅಪ್ ಮೂರೂ ಆ ಒಂದೇ ಗದರಿಕೆಯಲ್ಲಿವೆ. ಧಾರವಾಡದ ತಾಯಿಯಾದರೆ “ಎಲ್ಲಾ ಎತ್ತಿಡಪಾ, ಕಸಾ ಹೊಡೀಬೇಕು” ಅಂದಾಳು. ಕರಾವಳಿಯ ಹಿಡಿಸೂಡಿ, ಬಯಲುಸೀಮೆಯ ಪೊರಕೆ, ಧಾರವಾಡದ ಕಡೆಯ ಕಸಬರಿಗೆ: ಸಲಕರಣೆಗೆ ಊರಿಗೊಂದು ಹೆಸರು, ಎತ್ತಿಡುವುದಕ್ಕೆ ಮಾತ್ರ ಎಲ್ಲ ಕಡೆಯೂ ‘ಎತ್ತಿಡು’.

ಎರಡೂ ಒಂದೇ ಅಚ್ಚಿನವು ಎಂದು ನಾನು ಹೇಳುತ್ತಿಲ್ಲ. ನಮ್ಮ ‘ಬಿಡು’ವಿನಲ್ಲಿ ಕೆಲಸ ಮುಗಿದದ್ದರ ಜೊತೆಗೆ ಮನಸ್ಸಿನ ಬಣ್ಣವೂ ಇದೆ. “ಲೋಟ ಒಡೆದೆ” ಎಂದರೆ ವರದಿ, “ಲೋಟ ಒಡೆದುಬಿಟ್ಟೆ” ಎಂದರೆ ಪಶ್ಚಾತ್ತಾಪ, ಕೆಲವೊಮ್ಮೆ ಜಂಭ. ಇಂಗ್ಲಿಷ್ ಅಪ್ಪಿಗೆ ಈ ನಾಜೂಕು ಗೊತ್ತಿಲ್ಲ. ಹಾಗೆಯೇ ‘ಗುಡಿಸಿಕೋ’, ‘ಗುಡಿಸಿಕೊಡು’ ಎಂದು ಯಾರ ಸಲುವಾಗಿ ಕೆಲಸ ಎಂಬುದನ್ನೂ ಕ್ರಿಯಾಪದದೊಳಗೇ ಹೇಳಿಬಿಡುವ ಸೌಕರ್ಯ ನಮಗಿದೆ.

ಅವರ ಸೌಕರ್ಯ ಬೇರೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಬಾಲಕ್ಕೂ ನಡುವೆ ಕರ್ಮವನ್ನು ತೂರಿಸಬಹುದು. ‘ಟೈಡಿ ಅಪ್ ದ ರೂಮ್’ ಸರಿ, ‘ಟೈಡಿ ದ ರೂಮ್ ಅಪ್’ ಕೂಡ ಸರಿ. ಆದರೆ ರೂಮಿನ ಬದಲು ‘ಇಟ್’ ಎಂಬ ಸರ್ವನಾಮ ಬಂತೋ, ಅದು ನಡುವೆಯೇ ಕೂರಬೇಕು: ‘ಟೈಡಿ ಇಟ್ ಅಪ್’. ‘ಟೈಡಿ ಅಪ್ ಇಟ್’ ಎಂದರೆ ಇಂಗ್ಲಿಷ್ ಕಿವಿಗೆ ಕಲ್ಲು ಕಡಿದಂತೆ. ಫ್ರೇಸಲ್ ವರ್ಬ್ ಎಂದರೆ ಅರ್ಥ ಉರು ಹೊಡೆಯುವುದು ಎಂದುಕೊಂಡ ನಮ್ಮ ಗೈಡುಗಳು ಈ ಒಂದು ನಿಯಮವನ್ನು ಅವಸರದಲ್ಲಿ ದಾಟಿಹೋಗುತ್ತವೆ. ಇನ್ನೊಂದು: ಮಾತಿನಲ್ಲಿ ಒತ್ತು ಬೀಳಬೇಕಾದದ್ದು ಅಪ್ಪಿನ ಮೇಲೆ. ಅದೇ ನಾಮಪದವಾಗಿ ‘ಎ ಟೈಡಿ-ಅಪ್’, ‘ಎ ಚೆಕಪ್’ ಎಂದಾಗ ಒತ್ತು ಮೊದಲ ಪದಕ್ಕೆ ಜಿಗಿಯುತ್ತದೆ. ನಾವು ಎರವಲು ತಂದದ್ದೆಲ್ಲ ಈ ನಾಮಪದಗಳನ್ನೇ ಎಂಬುದನ್ನು ಗಮನಿಸಿ. ಚೆಕಪ್ ಮಾಡಿಸುತ್ತೇವೆ, ಬಿಲ್ಡಪ್ ಕೊಡುತ್ತೇವೆ, ಮೇಕಪ್ ಹಾಕುತ್ತೇವೆ. ಕ್ರಿಯೆಯ ಕೆಲಸಕ್ಕೆ ನಮ್ಮದೇ ಮಾಡು, ಕೊಡು, ಹಾಕು ಇವೆಯಲ್ಲ.

ಜರ್ಮನರದು ಇನ್ನೂ ಒಂದು ಕೈ ಮೇಲು. ಅವರಲ್ಲಿ ಒಪ್ಪ ಮಾಡುವುದಕ್ಕೆ ‘ಔಫ್‌ರಾಯ್ಮೆನ್’ ಎನ್ನುತ್ತಾರೆ. ‘ಔಫ್’ ಎಂದರೆ ನಮ್ಮ ಕಥಾನಾಯಕ ಅಪ್ಪೇ, ಆದರೆ ಅಲ್ಲಿ ಅವನು ಮುಂದೆ ಅಂಟಿಕೊಂಡಿದ್ದಾನೆ. ವಾಕ್ಯದಲ್ಲಿ ಬಳಸುವಾಗ ಕಳಚಿಕೊಂಡು ಓಡಿಹೋಗಿ ತುತ್ತತುದಿಯಲ್ಲಿ ನಿಲ್ಲುತ್ತಾನೆ. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಬೆಳೆದದ್ದು ಈ ಭಾಷೆಯಲ್ಲಿ. ಕನ್ನಡದ ಎರಡೆರಡು ಕ್ರಿಯಾಪದಗಳ ಜೋಡಾಟ ಅವರಿಗೆ ಅಷ್ಟೇನೂ ವಿಚಿತ್ರ ಕಂಡಿರಲಾರದು ಎಂದು ನನ್ನ ಊಹೆ.

ಟೈಡಿ ಅಪ್ಪಿನ ನೆಂಟರಿಷ್ಟರನ್ನು ಗುರುತು ಹಿಡಿಯುವುದು ಕಷ್ಟವಲ್ಲ, ಬಾಲ ನೋಡಿದರೆ ಸಾಕು. ‘ಔಟ್’ ಎಂದರೆ ಒಳಗಿನದೆಲ್ಲ ಹೊರಗೆ: ‘ಕ್ಲೀನ್ ಔಟ್’ ಎಂದರೆ ಕಪಾಟನ್ನು ಖಾಲಿ ಮಾಡಿ ಒರೆಸುವುದು, ಜೂಜಿನಲ್ಲಿ ಜೇಬು ಬರಿದಾದರೂ ಅದೇ ಮಾತು. ‘ಅವೇ’ ಎಂದರೆ ಕಣ್ಣಿನಿಂದ ದೂರ, ಅದರದರ ಜಾಗಕ್ಕೆ. ಕಳ್ಳನನ್ನು ಜೈಲಿಗೆ ಕಳಿಸಿದರೂ ‘ಪುಟ್ ಅವೇ’. ‘ಆಫ್’ ಎಂದರೆ ಮೇಲ್ಮೈಯಿಂದ ಕೆರೆದು ಒರೆಸಿ ತೆಗೆಯುವುದು. ‘ಕ್ಲಿಯರ್ ಅಪ್’ ಮನೆಗೂ ಆಯಿತು, ಮೋಡ ಚದುರಿದ ಆಕಾಶಕ್ಕೂ ಆಯಿತು, ಬಗೆಹರಿದ ಸಂಶಯಕ್ಕೂ ಆಯಿತು, ವಾಸಿಯಾದ ಕಜ್ಜಿಗೂ ಆಯಿತು.

ತೊಡಕು ಬರುವುದು ಸಾಗರ ದಾಟಿದಾಗ. ಬ್ರಿಟನ್ನಿನಲ್ಲಿ ‘ವಾಷ್ ಅಪ್’ ಎಂದರೆ ಪಾತ್ರೆ ತೊಳೆಯುವುದು. ಅಮೆರಿಕದಲ್ಲಿ ಅದೇ ಮಾತು ಕೈಕಾಲು ಮುಖ ತೊಳೆಯುವುದಕ್ಕೆ. ನ್ಯೂಜೆರ್ಸಿಯ ಮನೆಯೊಂದಕ್ಕೆ ಊಟಕ್ಕೆ ಹೋದಾಗ ಆತಿಥೇಯರು ವಾಷ್ ಅಪ್ ಮಾಡಿ ಬನ್ನಿ ಎಂದರೆ, ಬ್ರಿಟಿಷ್ ಪಠ್ಯ ಓದಿ ಬೆಳೆದವರು ಸೀದಾ ಸಿಂಕಿನ ಬಳಿ ಹೋಗಿ ತೋಳು ಮಡಿಚುವ ಅಪಾಯವಿದೆ. ಹಾಗೆಯೇ ಅಲ್ಲಿನ ತಾಯಂದಿರು ಮಕ್ಕಳಿಗೆ ‘ಪಿಕ್ ಅಪ್ ಯುವರ್ ರೂಮ್’ ಎನ್ನುತ್ತಾರೆ. ಕೋಣೆಯನ್ನೇ ಎತ್ತಬೇಕಾಗಿಲ್ಲ, ಕೋಣೆಯಲ್ಲಿ ಬಿದ್ದದ್ದನ್ನು ಎತ್ತಿದರಾಯಿತು. ಬ್ರಿಟಿಷರು ಇದನ್ನು ಕೇಳಿ ಮುಗುಳ್ನಗುತ್ತಾರೆ. ನಮ್ಮ ಸರದಿಯೂ ಇದೆ: ಭಾರತದಲ್ಲಿ ಕಾಲೇಜು ಮುಗಿಸಿದವರೆಲ್ಲ ‘ಪಾಸ್ಡ್ ಔಟ್’. ಸೇನಾ ತರಬೇತಿಯ ಪಾಸಿಂಗ್ ಔಟ್ ಪರೇಡಿನ ಮಾತು ಬಿಟ್ಟರೆ ಆ ಎರಡು ದೇಶಗಳಲ್ಲಿ ಅದಕ್ಕೆ ಎಚ್ಚರ ತಪ್ಪಿ ಬಿದ್ದರು ಎಂದೇ ಅರ್ಥ. ‘ಕೋಪ್’ ಎಂಬ ಬಡಪಾಯಿಗೆ ಯಾರೂ ಕೇಳದಿದ್ದರೂ ನಾವು ಒಂದು ಅಪ್ ಅಂಟಿಸಿ ‘ಕೋಪ್ ಅಪ್’ ಮಾಡಿದ್ದೇವೆ.

ಟೈಡಿಗೆ ಅಪ್ ಯಾವಾಗ ಬೇಕು, ಯಾವಾಗ ಬೇಡ? ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ. ಬುಟ್ಟಿಗೆ ಕಸ ಹಾಕುತ್ತಿರುವ ಒಬ್ಬ ಪುಟ್ಟ ಮನುಷ್ಯನ ಚಿತ್ರ ಎಷ್ಟೋ ಪೊಟ್ಟಣಗಳ ಮೇಲಿರುತ್ತದೆ. ಅವನ ಹೆಸರು ‘ಟೈಡಿಮ್ಯಾನ್’. ಬ್ರಿಟನ್ನಿನಲ್ಲಿ ಮಹಿಳಾ ಸಂಘಗಳ ಒಕ್ಕೂಟ 1954ರಲ್ಲಿ ಹುಟ್ಟುಹಾಕಿದ ‘ಕೀಪ್ ಬ್ರಿಟನ್ ಟೈಡಿ’ ಆಂದೋಲನದ ಗುರುತು ಅವನು. ಅಲ್ಲಿ ಅಪ್ ಇಲ್ಲ, ಬರಲೂಬಾರದು. ಒಪ್ಪವಾಗಿರುವ ಸ್ಥಿತಿಯನ್ನು ಕಾಪಾಡಿ ಎಂದು ಹೇಳುವಾಗ ಬರೀ ಟೈಡಿ ಸಾಕು. ಕೆಟ್ಟದ್ದನ್ನು ಸರಿಪಡಿಸುವ ಕೆಲಸಕ್ಕೆ ಇಳಿದಾಗ ಅಪ್ ಜೊತೆಗೂಡುತ್ತದೆ. ಆದರೆ ಕಡ್ಡಾಯವೇನಲ್ಲ. ಜಪಾನಿನ ಮಾರಿ ಕೊಂಡೊ ಅವರ ಜಗತ್ಪ್ರಸಿದ್ಧ ಪುಸ್ತಕದ ಇಂಗ್ಲಿಷ್ ಅನುವಾದಕ್ಕೆ ಅಮೆರಿಕದ ಮುದ್ರಣದಲ್ಲಿ ‘ದ ಲೈಫ್-ಚೇಂಜಿಂಗ್ ಮ್ಯಾಜಿಕ್ ಆಫ್ ಟೈಡಿಯಿಂಗ್ ಅಪ್’ ಎಂಬ ಹೆಸರು. ಬ್ರಿಟನ್ನಿನ ಮುದ್ರಣದಲ್ಲಿ ಕೊನೆಯ ಆ ‘ಅಪ್’ ಇಲ್ಲ. ಬೇಡದ್ದನ್ನೆಲ್ಲ ಹೊರಗೆಸೆಯಿರಿ ಎಂದು ಬೋಧಿಸುವ ಪುಸ್ತಕ ತನ್ನ ಹೆಸರಿನಿಂದಲೇ ಒಂದು ಪದವನ್ನು ಹೊರಗಿಟ್ಟದ್ದು ನ್ಯಾಯವೇ. 2019ರ ಹೊಸವರ್ಷದಂದು ಬಂದ ನೆಟ್‌ಫ್ಲಿಕ್ಸ್ ಸರಣಿಯಲ್ಲಿ ಅಪ್ ಮತ್ತೆ ಹಾಜರು. ಮೂರನೇ ಮಗು ಹುಟ್ಟಿದ ಮೇಲೆ ಮನೆಯನ್ನು ಅಷ್ಟು ಒಪ್ಪವಾಗಿಡುವುದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದೇನೆ ಎಂದು 2023ರಲ್ಲಿ ಕೊಂಡೊ ಹೇಳಿದಾಗ ಪತ್ರಿಕೆಗಳು ಅದನ್ನು ಬರೆದದ್ದು ‘ಗಿವ್ ಅಪ್’ ಎಂಬ ಇನ್ನೊಂದು ಅಪ್ಪಿನಲ್ಲಿ.

ಇನ್ನು ನಮ್ಮ ತರಗತಿಗೆ ಬರೋಣ. ಟೈಡಿ ಅಪ್ ನಮ್ಮ ಬಾಯಿಗೆ ಬಾರದಿರುವುದಕ್ಕೆ ನನಗೆ ಎರಡು ಕಾರಣ ಕಾಣುತ್ತವೆ. ಇಂಗ್ಲಿಷಿನಲ್ಲಿ ಮೇಲುಮನೆಯ ಮಾತು, ಅಡುಗೆಮನೆಯ ಮಾತು ಎಂದು ಎರಡಿವೆ. ‘ಅರೇಂಜ್’, ‘ಆರ್ಗನೈಸ್’, ‘ರಿಮೂವ್’ ಮುಂತಾದವು ಫ್ರೆಂಚ್ ಲ್ಯಾಟಿನ್ ದಾರಿಯಲ್ಲಿ ಬಂದ ಗಂಭೀರ ಮಾತುಗಳು. ಟೈಡಿ ಅಪ್, ಪುಟ್ ಅವೇ ಅಡುಗೆಮನೆಯವು. ನಮಗೆ ಇಂಗ್ಲಿಷ್ ಬಂದದ್ದು ಕಚೇರಿ, ಕೋರ್ಟು, ಪಠ್ಯಪುಸ್ತಕಗಳ ಮೂಲಕ, ಹಾಗಾಗಿ ಮೇಲುಮನೆಯ ಮಾತೇ ಮೊದಲು ಕಲಿತೆವು. ಕನ್ನಡದಲ್ಲೂ ಈ ಎರಡು ಮನೆ ಇವೆ. ‘ಆವರಣವನ್ನು ಸ್ವಚ್ಛವಾಗಿಡಿ’ ಎಂದು ಬೋರ್ಡು ಬರೆಯುತ್ತೇವೆ. ಮನೆಯಲ್ಲಿ ಯಾವ ತಾಯಿಯೂ ‘ನಿನ್ನ ಕೊಠಡಿಯನ್ನು ಸ್ವಚ್ಛಗೊಳಿಸು’ ಎನ್ನುವುದಿಲ್ಲ. ಹಾಗೆಂದರೆ ಮಗು ಹೆದರೀತು. ಇಂಗ್ಲಿಷಿನಲ್ಲಿ ಮಾತ್ರ ನಾವು ಆ ಬೋರ್ಡಿನ ಭಾಷೆಯನ್ನೇ ಮನೆಯೊಳಗೂ ಆಡುತ್ತೇವೆ.

ಎರಡನೆಯ ಕಾರಣ ಇನ್ನೂ ಮುಖ್ಯ. ತಾಯ್ನುಡಿಯಲ್ಲಿ ಇಂಥ ಜೋಡಣೆ ಇಲ್ಲದವರು ಫ್ರೇಸಲ್ ವರ್ಬ್‌ಗಳನ್ನು ತಪ್ಪಿಸಿಕೊಂಡು ಓಡಾಡುತ್ತಾರೆ ಎಂದು ಡಾಗುಟ್ ಮತ್ತು ಲಾಫರ್ ಎಂಬ ಸಂಶೋಧಕರು 1985ರಲ್ಲಿ ಹೀಬ್ರೂ ಮಾತಾಡುವ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಬರೆದರು. ನಾಲ್ಕು ವರ್ಷ ಕಳೆದು ಹುಲ್‌ಸ್ಟೈನ್ ಮತ್ತು ಮಾರ್ಚೆನಾ ಡಚ್ ವಿದ್ಯಾರ್ಥಿಗಳನ್ನು ನೋಡಿದಾಗ ಕಂಡದ್ದು ಬೇರೆ: ಡಚ್ಚಿನಲ್ಲಿ ಇಂಥ ಕ್ರಿಯಾಪದಗಳು ಬೇಕಾದಷ್ಟಿದ್ದುದರಿಂದ ಅವರು ಎಲ್ಲವನ್ನೂ ದೂರವಿಡಲಿಲ್ಲ. ಆದರೆ ತಮ್ಮ ಭಾಷೆಯಲ್ಲಿರುವುದಕ್ಕೆ ತೀರಾ ಹೋಲುವ ಕೆಲವನ್ನು, ಇಷ್ಟೊಂದು ಹೋಲಿಕೆ ನಿಜವಿರಲಾರದು ಎಂಬಂತೆ, ನಂಬದೆ ಬಿಟ್ಟರು. ಕನ್ನಡದ ಮಕ್ಕಳು ಡಚ್ಚರ ಹಾಗೆ ಅದೃಷ್ಟವಂತರು, ಆದರೆ ಹೀಬ್ರೂ ಮಕ್ಕಳ ಹಾಗೆ ಓಡುತ್ತಾರೆ. ಯಾಕೆಂದರೆ ತಮ್ಮ ನುಡಿಯಲ್ಲಿ ಇದು ಇದೆ ಎಂದೇ ಅವರಿಗೆ ಯಾರೂ ಹೇಳಿಲ್ಲ. ಕನ್ನಡ ತರಗತಿಯಲ್ಲಿ ಸಂಧಿ, ಸಮಾಸ, ವಿಭಕ್ತಿಗಳು ವರ್ಷಗಟ್ಟಲೆ ನಡೆಯುತ್ತವೆ. ‘ಎತ್ತಿಟ್ಟುಬಿಡು’ ಎಂಬಲ್ಲಿ ‘ಬಿಡು’ ಏನು ಮಾಡುತ್ತಿದೆ ಎಂಬ ಪ್ರಶ್ನೆ ಬರುವುದೇ ಇಲ್ಲ. ನಮ್ಮ ಶಾಲಾ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದದ್ದು, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಅವರ ಬರವಣಿಗೆಯ ರೂಢಿ ಬಿಟ್ಟ ಕಾಗುಣಿತವನ್ನು ಒಪ್ಪದವರೂ ಈ ದೂರನ್ನು ತಳ್ಳಿಹಾಕುವುದು ಕಷ್ಟ.

ಕನ್ನಡ ಮೇಷ್ಟ್ರು ಹೇಳದ್ದನ್ನು ಇಂಗ್ಲಿಷ್ ಮೇಷ್ಟ್ರು ಪಟ್ಟಿಯಾಗಿ ಕೊಡುತ್ತಾರೆ. ಅಕಾರಾದಿಯಾಗಿ ನೂರಾರು ಫ್ರೇಸಲ್ ವರ್ಬ್‌ಗಳು, ಎದುರಿಗೆ ಒಂದೊಂದು ಅರ್ಥ. ಪರೀಕ್ಷೆ ಮುಗಿದ ಸಂಜೆಗೇ ಅದು ಮಾಯ.

ಹಾಗಾಗಿ ಇಂಗ್ಲಿಷ್ ಕಲಿಸುವ ಮೇಡಂಗಳಲ್ಲಿ, ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಫ್ರೇಸಲ್ ವರ್ಬ್ ಪಾಠದ ದಿನ ಗೈಡು ತೆರೆಯುವ ಮುಂಚೆ, ಮನೆಯಲ್ಲಿ ಸಾಮಾನು ಹರಡಿದಾಗ ಅಮ್ಮ, ಅಜ್ಜಿ ಏನನ್ನುತ್ತಾರೆ ಎಂದು ಮಕ್ಕಳನ್ನು ಕೇಳಿ, ಅವರ ಮಾತಿನಲ್ಲೇ ಹಲಗೆಯ ಮೇಲೆ ಬರೆಸಿ. ಎತ್ತಿಡು, ಮಡಿಚಿಡು, ಒರೆಸಿ ಹಾಕು, ತೊಳೆದುಬಿಡು ಎಲ್ಲ ಬರಲಿ. ‘ಇಡು’ ಯಾಕೆ, ‘ಹಾಕು’ ಯಾಕೆ, ‘ಬಿಡು’ ಯಾಕೆ ಎಂದು ಅವರೇ ಜಗಳವಾಡಲಿ. ಆಮೇಲೆ ಪಕ್ಕದಲ್ಲಿ ಪುಟ್ ಅವೇ, ವೈಪ್ ಆಫ್, ಟೈಡಿ ಅಪ್ ಬರೆಯಿರಿ. ಪಟ್ಟಿಯನ್ನು ಬೇಕಿದ್ದರೆ ಮರುದಿನ ಕೊಡಬಹುದು.